ಹಾಳೆತಟ್ಟೆಗೆ ಅಮೆರಿಕದ ತಡೆ: ಮಣ್ಣು ಒಪ್ಪಿದರೆ ಸಾಕೇ?

ಉಡುಪಿ: ಪ್ಲಾಸ್ಟಿಕ್ ತಟ್ಟೆ ಬೇಡ ಎಂದಿತು ಸರಕಾರ. ಬಿಟ್ಟದ್ದಾಯಿತು. ಥರ್ಮೋಕೋಲ್ ಬಟ್ಟಲು ಬೇಡ ಎಂದಿತು. ಅದೂ ಹೋಯಿತು. ಆ ಜಾಗಕ್ಕೆ ನಮ್ಮದೇ ತೋಟದ ಅಡಿಕೆ ಹಾಳೆ ಬಂದು ಕೂತಿತು. ಮದುವೆಮನೆ, ಗೃಹಪ್ರವೇಶ, ನೇಮ, ಕೋಲ, ಭಜನೆ, ಬಯಲಾಟ - ಎಲ್ಲಿ ನೋಡಿದರೂ ಹಾಳೆತಟ್ಟೆ. ಉಂಡು ಎಸೆದರೆ ತೆಂಗಿನ ಬುಡಕ್ಕೆ ಗೊಬ್ಬರ. ಇದಕ್ಕಿಂತ ಒಳ್ಳೆಯ ವಸ್ತು ಬೇರೆ ಉಂಟೇ ಎಂದು ಎಲ್ಲರೂ ಮೆಚ್ಚಿದ್ದೇ ಮೆಚ್ಚಿದ್ದು.

ಅಷ್ಟರಲ್ಲಿ ಸಮುದ್ರದ ಆಚೆಯಿಂದ ಒಂದು ಸುದ್ದಿ ಬಂತು ನೋಡಿ. ಅಡಿಕೆ ಹಾಳೆಯಿಂದ ಮಾಡಿದ ತಟ್ಟೆ, ಬಟ್ಟಲುಗಳನ್ನು ಅಮೆರಿಕದಲ್ಲಿ ಮಾರುವಂತಿಲ್ಲ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2025ರ ಮೇ ತಿಂಗಳಲ್ಲಿ ತಿಳಿಸಿತು. ಅದು ಕೊಟ್ಟ ಕಾರಣ ಇಷ್ಟು: ಅಡಿಕೆ ಮರದ ಹಾಳೆಯಲ್ಲಿ ಹುಟ್ಟಿನಿಂದಲೇ ಇರುವ ಆಲ್ಕಲಾಯ್ಡ್ ಎಂಬ ಕೆಲವು ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು, ಹೀಗೆ ಇಳಿಯುವ ವಸ್ತು ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಅನುಮತಿ ಇಲ್ಲದ, ಸುರಕ್ಷಿತವಲ್ಲದ ಸೇರ್ಪಡೆ.

ಇದು ಉಡುಪಿಯ ಮದುವೆಮನೆಗೆ ತಟ್ಟುವ ಆದೇಶವಲ್ಲ. ಅಮೆರಿಕದ ಕಾನೂನು ಅಮೆರಿಕಕ್ಕೆ. ಆದರೂ ಕಾರ್ಕಳದ ಕಡೆಯ ತೋಟದ ಮೂಲೆಯಲ್ಲಿ ಶೆಡ್ಡು ಹಾಕಿ, ಸಾಲ ಮಾಡಿ ಯಂತ್ರ ತಂದು ಕೂತವರಿಗೆ ಇದು ಸಣ್ಣ ಸುದ್ದಿಯೂ ಅಲ್ಲ. ಪರಿಸರಕ್ಕೆ ಒಳ್ಳೆಯದೆಂದೇ ಆರಿಸಿದ ಕಚ್ಚಾ ಮಾಲು ಕಾನೂನಿನ ಬಾಗಿಲಲ್ಲಿ ಎಡವಿದರೆ ಗತಿಯೇನು? ಜಿಲ್ಲೆಯಲ್ಲಿ ಯಾವ ವಸ್ತು ತಯಾರಿಸುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮುಟ್ಟಾಳೆಯಿಂದ ತಟ್ಟೆಗೆ

ಹಾಳೆ ತುಳುನಾಡಿಗೆ ಹೊಸತಲ್ಲ. ಗದ್ದೆಗೆ ಇಳಿಯುವವರ ತಲೆಯ ಮೇಲಿನ ಮುಟ್ಟಾಳೆ ಹಾಳೆಯದು. ನೀರು ಮೊಗೆಯಲು ಹಾಳೆ, ಗಾಳಿ ಬೀಸಿಕೊಳ್ಳಲು ಹಾಳೆ, ಮಕ್ಕಳು ಕೂತು ಎಳೆದಾಡಿಸಿಕೊಳ್ಳುವುದಕ್ಕೂ ಹಾಳೆಯೇ. ಮರವೊಂದು ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಪ್ರತಿ ಸೋಗೆಯ ಬುಡದಲ್ಲೂ ಒಂದು ಹಾಳೆ. ಮರ ಕಡಿಯಬೇಕಾಗಿಲ್ಲ, ಗಣಿ ತೋಡಬೇಕಾಗಿಲ್ಲ. ತಾನಾಗಿ ಬಿದ್ದದ್ದನ್ನು ಹೆಕ್ಕಿದರಾಯಿತು.

ತಟ್ಟೆ ಮಾಡುವ ಕೆಲಸವೂ ಸರಳ. ಹೆಕ್ಕಿ ತಂದ ಹಾಳೆಯನ್ನು ಬಿಸಿಲಿಗೆ ಒಣಗಿಸುತ್ತಾರೆ. ಬೇಕಾದಾಗ ನೀರಲ್ಲಿ ನೆನೆಸಿ, ಬ್ರಶ್ಶಿನಿಂದ ತಿಕ್ಕಿ ತೊಳೆಯುತ್ತಾರೆ. ಸ್ವಲ್ಪ ನೀರು ಇಳಿದ ಮೇಲೆ ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಅಂಚು ಕತ್ತರಿಸಿದರೆ ತಟ್ಟೆ ತಯಾರು. ಅಂಟು ಬೇಡ, ಬಣ್ಣ ಬೇಡ, ಮೇಣ ಬೇಡ. ಕತ್ತರಿಸಿ ಉಳಿದ ಚೂರು ಗೊಬ್ಬರದ ಗುಂಡಿಗೋ ಬಚ್ಚಲ ಒಲೆಗೋ ಹೋಗುತ್ತದೆ. ಮನೆಯ ಹತ್ತಿರವೇ ಸಿಗುವ ಕೆಲಸವಾದ್ದರಿಂದ ಹೆಂಗಸರಿಗೂ ಇದು ಅನುಕೂಲ.

ಇಂತಹ ತಟ್ಟೆಗೆ ಬೇಡಿಕೆ ತಂದುಕೊಟ್ಟದ್ದು ಕಾನೂನೇ. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಚೀಲ, ಫ್ಲೆಕ್ಸ್, ತಟ್ಟೆ, ಲೋಟ, ಚಮಚಗಳ ಮೇಲೆ ನಿಷೇಧ ಹೇರಿತು. ಕೇಂದ್ರ ಸರಕಾರ 2021ರ ಆಗಸ್ಟಿನಲ್ಲಿ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳನ್ನು ತಿದ್ದಿ, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಪ್ಲಾಸ್ಟಿಕ್ ಕೈಚೀಲದ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ಕಡಿಮೆ ಇರಬಾರದು ಎಂದಾಯಿತು.

ಈ ನಿಯಮಗಳೆಲ್ಲ ಕೇಳಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ಉಂಡಾದ ಮೇಲೆ ತಟ್ಟೆ ಎಲ್ಲಿಗೆ ಹೋಗುತ್ತದೆ? ಆ ಪ್ರಶ್ನೆಗೆ ಹಾಳೆಯ ಹತ್ತಿರ ಉತ್ತರ ಉಂಟು. ಅಲೆವೂರಿನ ಕರ್ವಾಲಿನಲ್ಲಿ ಉಡುಪಿ ನಗರದ ಕಸದ ರಾಶಿ ಕಂಡವರಿಗೆ, ನಿಟ್ಟೆಯ ಘಟಕದಲ್ಲಿ ಪಂಚಾಯತುಗಳ ಒಣಕಸ ಬೇರ್ಪಡಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಪು ಬೀಚಿನ ಮರಳಲ್ಲಿ ಹೂತ ಪ್ಲಾಸ್ಟಿಕ್ ಲೋಟ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಇರುತ್ತದೆ. ಹಾಳೆ ಕೆಲವೇ ತಿಂಗಳಲ್ಲಿ ಮಣ್ಣಾಗುತ್ತದೆ.

ಎಫ್‌ಡಿಎ ಕೇಳಿದ ಪ್ರಶ್ನೆ ಬೇರೆ. ಉಣ್ಣುವಾಗ ತಟ್ಟೆಯಿಂದ ಹೊಟ್ಟೆಗೆ ಏನು ಹೋಗುತ್ತದೆ? ಮಣ್ಣಿನ ಪ್ರಶ್ನೆ ಒಂದು, ಹೊಟ್ಟೆಯ ಪ್ರಶ್ನೆ ಇನ್ನೊಂದು. ಮೊದಲನೆಯದರಲ್ಲಿ ಪಾಸಾದವನು ಎರಡನೆಯದರಲ್ಲಿ ತಾನಾಗಿಯೇ ಪಾಸಾಗುವುದಿಲ್ಲ. ಹಾಳೆಯ ವಿಷಯದಲ್ಲಿ ಎಡವಟ್ಟಾದದ್ದು ಇಲ್ಲಿಯೇ.

"ನಮ್ಮಜ್ಜ ಉಂಡದ್ದಲ್ಲವಾ?"

ಈ ಸುದ್ದಿ ಕೇಳಿದೊಡನೆ ಯಾರ ಬಾಯಲ್ಲೂ ಬರಬಹುದಾದ ಮಾತು ಒಂದುಂಟು: ಅಜ್ಜನ ಕಾಲದಿಂದ ಹಾಳೆ ಬಳಸಿದವರು ನಾವು, ನಮಗೆ ಏನಾಗಿದೆ ಮಾರಾಯ್ರೇ? ಪ್ಲಾಸ್ಟಿಕ್ ಮಾರುವ ಕಂಪೆನಿಗಳ ಆಟ ಇದು ಎಂದು ಸಂಶಯಪಡುವವರೂ ಇರಬಹುದು.

ಸಿಟ್ಟು ಸಹಜವೇ. ಆದರೆ ಸಿಟ್ಟಿನಿಂದ ಪೆಟ್ಟಿಗೆ ಹಡಗು ಹತ್ತುವುದಿಲ್ಲ. ಅಜ್ಜ ಹಾಳೆಯನ್ನು ತಲೆಗೆ ಇಟ್ಟದ್ದೇ ಹೆಚ್ಚು. ತೋಟದ ಕೆಲಸದ ನಡುವೆ ಹಾಳೆ ಮಡಚಿ ಗಂಜಿ ಉಂಡಿರಬಹುದು. ಹಬ್ಬದೂಟಕ್ಕೆ ಮಾತ್ರ ಹಾಕುತ್ತಿದ್ದುದು ಬಾಳೆಯೆಲೆ. ಕುದಿಯುವ ಹುಳಿಸಾರನ್ನು ಹಾಳೆಬಟ್ಟಲಿಗೆ ಹೊಯ್ದು, ಅದನ್ನೇ ಲಕ್ಷಗಟ್ಟಲೆ ಮಾಡಿ ಪೇಟೆಗೆ ಕಳಿಸುವುದು ಅಜ್ಜನ ಕಾಲದ ಪದ್ಧತಿಯಲ್ಲ. ಬಳಕೆ ಬದಲಾಗಿದೆ, ಹಾಗಾಗಿ ಪರೀಕ್ಷೆಯೂ ಹೊಸತಾಗಿ ಆಗಬೇಕು.

ಎಫ್‌ಡಿಎ ಎತ್ತಿದ ಸಂಶಯಕ್ಕೆ ಬುಡವೇ ಇಲ್ಲ ಎನ್ನುವಂತೆಯೂ ಇಲ್ಲ. ಅಡಿಕೆಯಲ್ಲಿರುವ ಮುಖ್ಯ ಆಲ್ಕಲಾಯ್ಡಿನ ಹೆಸರು ಅರೆಕೋಲಿನ್. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆ ಜಗಿಯುವುದು ಮನುಷ್ಯನಲ್ಲಿ ಕ್ಯಾನ್ಸರಿಗೆ ಕಾರಣ ಎಂದು ಅದನ್ನು ಮೊದಲ ಗುಂಪಿಗೆ ಸೇರಿಸಿತು. ಅರೆಕೋಲಿನನ್ನು ಆಮೇಲೆ, 2021ರಲ್ಲಿ ಪ್ರಕಟವಾದ ವರದಿಯಲ್ಲಿ, ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ 2-ಬಿ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆದೇ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಜಿಲ್ಲೆಗೆ ಇದು ಕಹಿ ಮಾತು. ಆದರೂ ವರದಿ ಎದುರಿಗಿದೆ.

ಇಲ್ಲಿ ಒಂದು ವ್ಯತ್ಯಾಸ ಮರೆಯಬಾರದು. ಅಡಿಕೆ ಬೇರೆ, ಹಾಳೆ ಬೇರೆ. ದಿನವಿಡೀ ಅಡಿಕೆ ಜಗಿದು ರಸ ನುಂಗುವುದು ಬೇರೆ, ಒಂದು ಹೊತ್ತು ಹಾಳೆಯಲ್ಲಿ ಉಣ್ಣುವುದು ಬೇರೆ. ಹಾಗಾದರೆ ಹಾಳೆಯಿಂದ ಎಷ್ಟು ಇಳಿಯುತ್ತದೆ? ಪ್ರಶ್ನೆ ಈ 'ಎಷ್ಟು' ಎಂಬುದರಲ್ಲಿದೆ. ಅರೆಕೋಲಿನ್ ನೀರಲ್ಲಿ ಕರಗುವ ವಸ್ತು. ಅವಲಕ್ಕಿ, ಚಕ್ಕುಲಿಯಂಥ ಒಣ ತಿಂಡಿಗೆ ಅದು ಹತ್ತುವುದು ಕಷ್ಟ. ಬಿಸಿ, ನೀರು, ಹುಳಿ ಮೂರೂ ಸೇರಿ, ಹೊತ್ತೂ ಕಳೆದರೆ ಇಳಿಯಲು ದಾರಿ ಸುಲಭ. ಅಂದರೆ ಹಾಳೆಬಟ್ಟಲಿನ ಅತಿ ಕಠಿಣ ಪರೀಕ್ಷೆ ಎಂದರೆ ನಮ್ಮ ಹುಳಿಸಾರೇ.

ಅಮೆರಿಕದ ಕಾನೂನಿನಲ್ಲಿ ಇದನ್ನು ತೋರಿಸುವ ಹೊಣೆ ಸರಕಾರದ್ದಲ್ಲ, ಮಾರುವವನದು. ಊಟಕ್ಕೆ ತಾಗುವ ವಸ್ತುವಿನಿಂದ ಏನಾದರೂ ಇಳಿಯುವಂತಿದ್ದರೆ ಅದಕ್ಕೆ ಮೊದಲೇ ಅನುಮತಿ ಇರಬೇಕು, ಇಲ್ಲವೇ ಅದು ಸುರಕ್ಷಿತವೆಂದು ತಜ್ಞರೆಲ್ಲ ಒಪ್ಪುವಷ್ಟು ಆಧಾರ ಇರಬೇಕು. "ಏನೂ ಆಗಿಲ್ಲವಲ್ಲ" ಎಂಬ ಮಾತು ಅಲ್ಲಿ ಸಾಕ್ಷಿಯಾಗುವುದಿಲ್ಲ.

ಎಡವಿದ್ದು ಹಾಳೆ ಒಂದೇ ಅಲ್ಲ

'ಪರಿಸರಸ್ನೇಹಿ' ಎಂಬ ಹೆಸರು ಹೊತ್ತು ಬಂದ ಬೇರೆ ಸಾಮಾನುಗಳೂ ಹೀಗೆಯೇ ಎಡವಿವೆ. ಬಿದಿರಿನ ಲೋಟ ಎಂದು ಯುರೋಪಿನಲ್ಲಿ ಮಾರಾಟವಾದದ್ದರಲ್ಲಿ ಎಷ್ಟೋ ನಿಜವಾಗಿ ಬಿದಿರಿನ ಪುಡಿಯನ್ನು ಮೆಲಮೈನ್ ರಾಳದಲ್ಲಿ ಕಲಸಿ ಎರಕ ಹೊಯ್ದದ್ದು. ಬಿಸಿ ಪಾನೀಯ ಹೊಯ್ದರೆ ಅದರಿಂದ ಫಾರ್ಮಾಲ್ಡಿಹೈಡ್ ಮತ್ತು ಮೆಲಮೈನ್ ಇಳಿಯುತ್ತದೆಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2020ರಲ್ಲಿ ಎಚ್ಚರಿಸಿತು. 2021ರಲ್ಲಿ ಯುರೋಪಿನ ದೇಶಗಳು ಒಟ್ಟಾಗಿ ಅವನ್ನು ಅಂಗಡಿಗಳಿಂದ ತೆಗೆಸಲು ಹೊರಟವು.

ಎಣ್ಣೆ ಹೀರದಂತೆ ಕಾಗದದ ಪೊಟ್ಟಣಕ್ಕೆ, ನಾರಿನ ತಟ್ಟೆಗೆ ಸೇರಿಸುತ್ತಿದ್ದ ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಕಥೆಯೂ ಇಂಥದ್ದೇ. ಮಣ್ಣಿನಲ್ಲೂ ಕರಗದ, ಮೈಯಲ್ಲೂ ಉಳಿಯುವ ಜಾತಿ ಅವು. ಅಂತಹ ಜಿಡ್ಡು ನಿರೋಧಕಗಳ ಮಾರಾಟ ಅಮೆರಿಕದಲ್ಲಿ ನಿಂತಿದೆ ಎಂದು ಎಫ್‌ಡಿಎ ಪ್ರಕಟಿಸಿದ್ದು 2024ರ ಫೆಬ್ರವರಿಯಲ್ಲಿ.

ಅಷ್ಟು ದೂರ ಯಾಕೆ? ಮಣಿಪಾಲದ ಚಾ ಅಂಗಡಿಯಲ್ಲಿ ಕೊಡುವ ಕಾಗದದ ಲೋಟವನ್ನೇ ಹರಿದು ನೋಡಿ. ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ಪದರ ಉಂಟು. ಅದಿಲ್ಲದಿದ್ದರೆ ಚಾ ಮೇಜಿನ ಮೇಲೆ ಇರುತ್ತಿತ್ತು. ಹೆಸರು ಕಾಗದ, ಕೆಲಸ ಪ್ಲಾಸ್ಟಿಕಿನದು. ಗೊಬ್ಬರದ ಗುಂಡಿಗೆ ಹಾಕಿದರೆ ಕಾಗದ ಕೊಳೆತು ಪದರ ಮಾತ್ರ ಉಳಿಯುತ್ತದೆ.

ಇವುಗಳ ಪಕ್ಕದಲ್ಲಿ ಇಟ್ಟರೆ ಹಾಳೆ ಪ್ರಾಮಾಣಿಕ ವಸ್ತು. ಅದರಲ್ಲಿ ಯಾರೂ ಏನನ್ನೂ ಕಲಸಿಲ್ಲ. ಆಕ್ಷೇಪ ಬಂದದ್ದು ಅದರ ಹುಟ್ಟುಗುಣಕ್ಕೆ. ಆದ್ದರಿಂದಲೇ ಇದಕ್ಕೆ ಮರೆಮಾಚುವ ದಾರಿಯಿಲ್ಲ. ಅಳೆದು ತೋರಿಸುವ ದಾರಿ ಒಂದೇ.

ನಮ್ಮ ದೇಶದ ಮಾನಕ ಏನನ್ನುತ್ತದೆ?

ಭಾರತೀಯ ಮಾನಕ ಬ್ಯೂರೋ ಈ ಕಸುಬನ್ನು ಮರೆತಿಲ್ಲ. ಕೃಷಿಯ ಉಪವಸ್ತುಗಳಿಂದ ಮಾಡಿದ ಊಟದ ಪಾತ್ರೆಗಳಿಗೆಂದೇ ಐಎಸ್ 18267 ಎಂಬ ಮಾನಕವನ್ನು 2023ರಲ್ಲಿ ಹೊರತಂದಿತು. ಅಡಿಕೆ ಹಾಳೆ, ಮುತ್ತುಗದ ಎಲೆ, ಸಾಲ್ ಎಲೆಯಂತಹ ಕಚ್ಚಾ ಮಾಲು ಅದರಲ್ಲಿ ಬರುತ್ತದೆ. ಬಿಸಿಯಾಗಿ ಒತ್ತುವುದು, ತಣ್ಣಗೆ ಒತ್ತುವುದು, ಹೊಲಿಯುವುದು ಮುಂತಾದ ತಯಾರಿಯ ವಿಧಾನಗಳೂ, ಶುಚಿತ್ವದ ಕಟ್ಟಳೆಗಳೂ ಉಂಟು. ರಾಸಾಯನಿಕ, ರಾಳ, ಅಂಟು ಸೇರಿಸಬಾರದು ಎಂಬುದು ಅದರ ಮುಖ್ಯ ಮಾತು.

ಹಾಗೆಂದು ನಮ್ಮ ಮಾನಕದ ಪ್ರಕಾರ ಮಾಡಿದ ಮಾತ್ರಕ್ಕೆ ಅಮೆರಿಕದ ಬಾಗಿಲು ತೆರೆಯುವುದಿಲ್ಲ. ಯುರೋಪಿನ ಕಟ್ಟಳೆ ಮತ್ತೊಂದು. 2004ರ 1935ನೇ ಕಟ್ಟಳೆಯಂತೆ ಊಟಕ್ಕೆ ತಾಗುವ ಯಾವ ವಸ್ತುವೂ ಆರೋಗ್ಯಕ್ಕೆ ಅಪಾಯವಾಗುವಷ್ಟು ಪ್ರಮಾಣದಲ್ಲಿ ಏನನ್ನೂ ಊಟಕ್ಕೆ ಬಿಡಬಾರದು. ಮಾಲು ಎಲ್ಲಿಗೆ ಹೋಗುತ್ತದೋ ಅಲ್ಲಿನ ಕಾನೂನು ತಿಳಿದ ಮೇಲೆಯೇ ಕಚ್ಚಾ ಮಾಲಿಗೆ ಕೈ ಹಾಕಬೇಕು. ಯಂತ್ರ ಕೊಂಡ ಮೇಲೆ ಕಾನೂನು ಓದುವುದು ಮದುವೆಯಾದ ಮೇಲೆ ಜಾತಕ ನೋಡಿದ ಹಾಗೆ.

ಯಂತ್ರ ಮಾರುವವರು ಗಂಟೆಗೆ ಎಷ್ಟು ತಟ್ಟೆ ಬೀಳುತ್ತದೆ ಎಂಬ ಲೆಕ್ಕ ಹೇಳುತ್ತಾರೆ, ತಟ್ಟೆ ಯಾವ ದೇಶದಲ್ಲಿ ಮಾರಬಹುದು ಎಂಬುದನ್ನು ಹೇಳುವವರು ಯಾರು? ಸಾಲ ಕೊಡುವ ಬ್ಯಾಂಕಿನ ಫಾರಂನಲ್ಲಿ ಮಾರುಕಟ್ಟೆ ಎಲ್ಲಿ ಎಂದು ಕೇಳುವ ಹಾಗೆಯೇ, ಆ ಮಾರುಕಟ್ಟೆಯ ಕಾನೂನು ಒಪ್ಪುತ್ತದೆಯೇ ಎಂದೂ ಕೇಳಿದರೆ ಎಷ್ಟೋ ಮನೆಗಳ ನಿದ್ದೆ ಉಳಿದೀತು.

ಆರಿಸುವಾಗಲೇ ಆರಿಸಿ

ಕಾನೂನಿನ ಮಾತು ಹಾಗಿರಲಿ. ಹಾಳೆ ಎಂದರೆ ಎಲ್ಲವೂ ಒಂದೇ ಅಲ್ಲ. ಘಟಕ ನಡೆಸುವವರು ಹಾಳೆ ಹೊರೆ ಇಳಿಸಿಕೊಳ್ಳುವಾಗಲೇ ಗಮನಿಸಬೇಕಾದ್ದು ಕೆಲವುಂಟು.

ಮೊದಲನೆಯದು ತೋಟದ ಮದ್ದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸದ ತೋಟ ನಮ್ಮಲ್ಲಿ ಅಪರೂಪ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ - ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಸಿಂಪಡಿಸುವುದು ಗೊನೆಗೆ, ಆದರೆ ಗಾಳಿಗೆ ಹಾರಿದ ಹನಿ ಹಾಳೆಯ ಮೇಲೂ ಕೂರುತ್ತದೆ. ನೀಲಿ ಕಲೆ ಇರುವ ಹಾಳೆ ತಟ್ಟೆಗೆ ಬೇಡ. ಯಾವ ತೋಟದ್ದು, ಯಾವಾಗ ಮದ್ದು ಬಿಟ್ಟದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನಾಳೆ ಕೇಳಿದವರಿಗೆ ತೋರಿಸಬಹುದು.

ಎರಡನೆಯದು ನಮ್ಮ ಮಳೆ. ಬಿದ್ದ ಹಾಳೆ ಒಂದೆರಡು ದಿನ ಒದ್ದೆ ನೆಲದಲ್ಲಿ ಬಿದ್ದಿದ್ದರೂ ಬೂಸ್ಟು ಹಿಡಿಯುತ್ತದೆ. ಬಿಸಿ ಅಚ್ಚು ಬೂಸ್ಟನ್ನು ಕೊಂದೀತು, ಬೂಸ್ಟು ಬಿಟ್ಟು ಹೋದದ್ದನ್ನೆಲ್ಲ ತೆಗೆಯಲಾರದು. ಬೇಸಗೆಯಲ್ಲಿ ಒಣಗಿಸಿ ಗಾಳಿಯಾಡುವಲ್ಲಿ ಅಟ್ಟಿ ಇಡುವ ಜಾಗ ಇಲ್ಲದವರು ಮಳೆಗಾಲದ ಆರ್ಡರಿಗೆ ಕೈ ಹಾಕದಿರುವುದೇ ಲೇಸು.

ಮೂರನೆಯದು ತೊಳೆಯುವ ನೀರು. ನೀರಲ್ಲಿ ಕರಗುವ ವಸ್ತುವಾದರೆ, ನೆನೆಸಿ ತೊಳೆದಾಗಲೇ ಅದರಲ್ಲಿ ಒಂದಷ್ಟು ಹೋಗಬೇಕಲ್ಲ? ಎಷ್ಟು ಹೊತ್ತು ನೆನೆಸಿದರೆ, ಎಷ್ಟು ಸಲ ನೀರು ಬದಲಿಸಿದರೆ ಎಷ್ಟು ಹೋಗುತ್ತದೆ ಎಂಬುದನ್ನು ಅಳೆಯಬಹುದು. ಇಡೀ ದಿನ ಒಂದೇ ತೊಟ್ಟಿಯ ನೀರಲ್ಲಿ ಹಾಳೆ ಅದ್ದಿ ತೆಗೆಯುವವರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಆ ನೀರನ್ನು ತೋಡಿಗೆ ಬಿಡುವುದೂ ಸರಿಯಲ್ಲ.

ಕೊನೆಯದು ಕಟ್ಟು. ಪ್ಲಾಸ್ಟಿಕ್ ಬೇಡವೆಂದು ಮಾಡಿದ ತಟ್ಟೆಯನ್ನು ಪ್ಲಾಸ್ಟಿಕಿನಲ್ಲೇ ಸುತ್ತಿ ಕಳಿಸಿದರೆ ಏನು ಹೇಳುವುದು? ಕಾಪು ತಾಲೂಕಿನ ಶಂಕರಪುರದ ಕಡೆಗೆ ಒಮ್ಮೆ ನೋಡಿ. ಅಲ್ಲಿನ ಮಲ್ಲಿಗೆಯನ್ನು ಕಟ್ಟುವುದು ಬಾಳೆನಾರಿನಲ್ಲಿ. ಚೆಂಡಿನ ಲೆಕ್ಕದಲ್ಲಿ, ಅಟ್ಟಿಯ ಲೆಕ್ಕದಲ್ಲಿ ಊರೂರಿಗೆ ಹೋಗುವ ಹೂವಿಗೆ ನೂಲೂ ಬೇಡ, ನೈಲಾನೂ ಬೇಡ. ಕಟ್ಟುವ ವಸ್ತುವೂ ಹೂವಿನ ಜತೆಗೆ ಬಾಡಿ ಮಣ್ಣಿಗೆ ಸೇರುತ್ತದೆ. ಯಾವ ಕೆಲಸಕ್ಕೆ ಯಾವ ವಸ್ತು ಎಂಬ ವಿವೇಕ ಈ ಜಿಲ್ಲೆಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು.

ಪರೀಕ್ಷೆ ಯಾರು ಮಾಡಿಸಬೇಕು?

ಒಂದು ಶೆಡ್ಡು, ಎರಡು ಯಂತ್ರ, ನಾಲ್ಕು ಜನ ಕೆಲಸದವರು - ಇಂತಹ ಘಟಕಕ್ಕೆ ಅಮೆರಿಕದ ಕಾನೂನು ಕೇಳುವ ದಾಖಲೆ ಸಿದ್ಧಪಡಿಸಲು ಸಾಧ್ಯವೇ? ಸಾಧ್ಯವಿಲ್ಲ. ಆದರೆ ಒಬ್ಬೊಬ್ಬರೇ ಮಾಡಿಸಬೇಕಾದ ಅಗತ್ಯವೂ ಇಲ್ಲ. ಹೆಬ್ರಿಯ ಹಾಳೆ, ಕಾರ್ಕಳದ ಹಾಳೆ, ಪುತ್ತೂರಿನ ಹಾಳೆ - ಮರ ಒಂದೇ ಜಾತಿ, ತಯಾರಿಯ ಕ್ರಮವೂ ಹೆಚ್ಚುಕಡಿಮೆ ಒಂದೇ. ಬೇರೆ ಬೇರೆ ತೋಟಗಳ ಮಾದರಿ ಹಾಕಿ ಸರಿಯಾಗಿ ಒಂದು ಪರೀಕ್ಷೆ ನಡೆದರೆ ಅದರ ಫಲ ಎಲ್ಲ ಘಟಕಗಳಿಗೂ ಬೇಕಾಗುತ್ತದೆ.

ಮಾಡುವ ಕೈಗಳೂ ದೂರದಲ್ಲಿಲ್ಲ. ಅಡಿಕೆಯ ಮೇಲೂ ಸಂಶೋಧನೆ ನಡೆಸುವ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲಿದೆ; ಅದರ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲಿದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಿಂದ ಮಂಗಳೂರಿನಲ್ಲಿದೆ. ಮಣಿಪಾಲದಲ್ಲಿ 1963ರಿಂದ ಫಾರ್ಮಸಿ ಶಿಕ್ಷಣ ನಡೆಯುತ್ತಿದೆ. ಒಂದು ಗಿಡದಲ್ಲಿ ಯಾವ ಆಲ್ಕಲಾಯ್ಡ್ ಎಷ್ಟಿದೆ ಎಂದು ಅಳೆಯುವುದು ಅಲ್ಲಿ ಓದುವ ಹುಡುಗ ಹುಡುಗಿಯರಿಗೆ ಪಾಠದ ಭಾಗ. ಜಿಲ್ಲಾಧಿಕಾರಿ ಕಚೇರಿಯೂ ಅದೇ ಮಣಿಪಾಲದ ರಜತಾದ್ರಿಯಲ್ಲಿ. ಕಾರ್ಕಳದಿಂದ ಅಲ್ಲಿಗೆ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ.

ಜಿಲ್ಲಾ ಕೈಗಾರಿಕಾ ಕೇಂದ್ರ, ತೋಟಗಾರಿಕೆ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಕಾಲೇಜಿನ ಪ್ರಾಧ್ಯಾಪಕರು, ಘಟಕದವರು ಒಂದು ಮೇಜಿನ ಸುತ್ತ ಕೂತು, ಬಿಸಿ ನೀರಿಗೆ ಎಷ್ಟು, ಹುಳಿಗೆ ಎಷ್ಟು, ಎಣ್ಣೆಗೆ ಎಷ್ಟು ಎಂದು ಅಳೆಸಲಿ. ಫಲ ಒಳ್ಳೆಯದು ಬಂದರೆ ಅದನ್ನು ಹಿಡಿದು ದಿಲ್ಲಿಯ ಮೂಲಕ ಅಮೆರಿಕದ ಮುಂದೆ ವಾದಿಸಬಹುದು. ಫಲ ಕೆಟ್ಟದ್ದು ಬಂದರೆ? ಆಗ ನಮ್ಮ ಮಕ್ಕಳ ತಟ್ಟೆಯ ಬಗ್ಗೆಯೇ ಯೋಚಿಸಬೇಕಾಗುತ್ತದೆ. ಅಮೆರಿಕದವರ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ ಎಂಬುದು ಉಂಟೇ? ಎರಡರಲ್ಲಿ ಯಾವುದು ಬಂದರೂ ತಿಳಿದಿರುವುದು ತಿಳಿಯದಿರುವುದಕ್ಕಿಂತ ಲೇಸು.

ಅಲ್ಲಿಯ ತನಕ ಮನೆಯವರಿಗೂ ಅಡುಗೆಯವರಿಗೂ ಒಂದು ಸುಲಭದ ದಾರಿ ಇದೆ. ಒಣ ತಿಂಡಿಗೆ ಹಾಳೆ, ಬಿಸಿ ಸಾರು-ಪಾಯಸದ ಊಟಕ್ಕೆ ಬಾಳೆಯೆಲೆ. ತೊಳೆಯಲು ಜನ, ನೀರು ಇರುವಲ್ಲಿ ಸ್ಟೀಲು ತಟ್ಟೆ. ಇದರಿಂದ ಯಾರ ಕಸುಬೂ ಮುಳುಗುವುದಿಲ್ಲ, ಸಂಶಯವೂ ತಟ್ಟೆಗೆ ಬರುವುದಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಹಾಳೆಗೆ ಆಕ್ಷೇಪ ಬಂತೆಂದು ಪ್ಲಾಸ್ಟಿಕಿಗೆ ಮರಳಲು ಇದು ನೆಪವಲ್ಲ. ಪ್ಲಾಸ್ಟಿಕ್ ತಟ್ಟೆಯ ಮೇಲಿನ ನಿಷೇಧ ಹಾಗೆಯೇ ಉಂಟು. ಮಣ್ಣಿನ ಪ್ರಶ್ನೆಯಲ್ಲಿ ಸೋತದ್ದನ್ನು, ಹೊಟ್ಟೆಯ ಪ್ರಶ್ನೆಗೆ ಉತ್ತರ ಬಾಕಿ ಇರುವುದರ ಜಾಗದಲ್ಲಿ ಕೂರಿಸಲಿಕ್ಕಾಗುವುದಿಲ್ಲ.

ಪ್ಲಾಸ್ಟಿಕ್ ನಿಲ್ಲಿಸಿ, ಹಾಳೆ ಹಿಡಿಯಿರಿ ಎಂದು ವೇದಿಕೆಯಲ್ಲಿ ಭಾಷಣ ಮಾಡಿದವರು ಬಹಳ. ಅದನ್ನು ನಂಬಿ ಸಾಲ ಎತ್ತಿದವರು ಈಗ ಹಾಳೆಯ ರಾಶಿಯ ಮುಂದೆ ಕೂತು ಕೇಳುತ್ತಿರುವುದು ಸಬ್ಸಿಡಿಯನ್ನಲ್ಲ, ಒಂದು ಪರೀಕ್ಷೆಯ ವರದಿಯನ್ನು. ರಜತಾದ್ರಿಯವರು ಗಮನಿಸುವರೇ?